ಚಂಪಾರಣದಲ್ಲಿ ವಕೀಲಿ: ಬ್ರಜಕಿಶೋರ ಪ್ರಸಾದರ ಪಾತ್ರದ ಮರುಪರಿಶೀಲನೆ

ದರ್ಭಂಗಾದ ವಕೀಲ ಬ್ರಜಕಿಶೋರ ಪ್ರಸಾದರು ಚಂಪಾರಣದ ಚರಿತ್ರೆಯಲ್ಲಿ ಹೆಚ್ಚಾಗಿ ಗಾಂಧಿಯವರ ಬೆನ್ನ ಹಿಂದೆಯೇ ಕಾಣಿಸಿಕೊಳ್ಳುತ್ತಾರೆ. ಜೂಡಿತ್ ಬ್ರೌನ್ 1972ರ ತಮ್ಮ ಗ್ರಂಥದಲ್ಲಿ ಇಂಥ ಸ್ಥಳೀಯ ನಾಯಕರನ್ನು ಗಾಂಧಿಯವರ ಉಪಗುತ್ತಿಗೆದಾರರೆಂದು ಕರೆದರು. ಹಳ್ಳಿಗೂ ನಾಯಕನಿಗೂ ನಡುವಿನ ಸಂಪರ್ಕವನ್ನು ಈ ಕಲ್ಪನೆ ವಿವರಿಸುತ್ತದೆ, ವಕೀಲರು ಜೊತೆಗೆ ತಂದ ಕಸುಬನ್ನು ವಿವರಿಸುವುದಿಲ್ಲ.

ಹಿನ್ನೆಲೆ ಪರಿಚಿತವೇ. ತೀನ್‌ಕಠಿಯಾ ಪದ್ಧತಿಯಲ್ಲಿ ರೈತ ಬಿಘಾದ 20 ಕಠಾಗಳಲ್ಲಿ 3ರಲ್ಲಿ ನೀಲಿ ಬೆಳೆಯಬೇಕಿತ್ತು. ಕೃತಕ ಬಣ್ಣ ಬಂದು ನೀಲಿ ಸೊರಗಿದಾಗ, ಈ ಕಟ್ಟುಪಾಡು ಬಿಡಿಸಲು ತೋಟದ ದೊರೆಗಳು ಗೇಣಿ ಏರಿಸಿದರು (ಶರಹಬೇಶಿ), ಇಲ್ಲವೇ ಇಡಿಗಂಟು ವಸೂಲು ಮಾಡಿದರು (ತಾವಾನ್). ರೈತರ ಮೊಕದ್ದಮೆಗಳನ್ನು ನಡೆಸುತ್ತಿದ್ದ ಬ್ರಜಕಿಶೋರರೇ 1916ರ ಲಖನೌ ಕಾಂಗ್ರೆಸ್ಸಿನಲ್ಲಿ ಚಂಪಾರಣದ ಗೊತ್ತುವಳಿ ಮಂಡಿಸಿದರು. ಗಾಂಧಿ ಚಂಪಾರಣಕ್ಕೆ ಬಂದದ್ದು ಆಮೇಲೆ, 1917ರ ಏಪ್ರಿಲ್‌ನಲ್ಲಿ.

ವಿವಾದವಿರುವುದು ಮುಂದಿನ ಘಟ್ಟದ ಬಗ್ಗೆ. ಭಯಗೊಂಡ ರೈತರಿಗೆ ಕೋರ್ಟು ನಿರುಪಯೋಗಿ ಎಂದು ಗಾಂಧಿ ವಕೀಲರಿಗೆ ಹೇಳಿದರು; ಅವರಿಂದ ರೈತರ ಹೇಳಿಕೆ ಬರೆದುಕೊಳ್ಳುವ ಗುಮಾಸ್ತಿಕೆ, ದುಭಾಷಿಯ ಕೆಲಸ ಬಯಸಿದರು. ಇದನ್ನು ವಕೀಲಿಯ ತ್ಯಾಗವೆಂದು ಓದುವುದು ವಾಡಿಕೆ. ಆದರೆ ಗಾಂಧಿಯವರ ಆತ್ಮಕಥೆಯೇ ಬೇರೊಂದು ಓದಿಗೆ ಎಡೆಮಾಡಿಕೊಡುತ್ತದೆ: ಹೇಳಿಕೆ ಕೊಟ್ಟ ಪ್ರತಿ ರೈತನನ್ನೂ ಪಾಟೀಸವಾಲಿಗೆ ಒಡ್ಡಲಾಗುತ್ತಿತ್ತು, ನಿಲ್ಲದ ಹೇಳಿಕೆಯನ್ನು ಬಿಡಲಾಗುತ್ತಿತ್ತು. ಪಕ್ಕದಲ್ಲೇ ಕೂತಿದ್ದ ಸಿಐಡಿ ಅಧಿಕಾರಿ ಅತಿಶಯೋಕ್ತಿಗೂ ಕಡಿವಾಣವಾದನಂತೆ. ಇದು ಬರಿಯ ಬರವಣಿಗೆಯಲ್ಲ, ಸಾಕ್ಷ್ಯ ಸೋಸುವ ಕಸುಬು. ಬಲವಂತದಿಂದ ಬರೆಸಿಕೊಂಡ ಒಂದು ಕರಾರನ್ನು ನ್ಯಾಯಾಲಯದಲ್ಲಿ ಅಲ್ಲಗಳೆಯುವುದು ಬಡರೈತನಿಗೆ ಕಷ್ಟ. ಅಂಥ ಕರಾರುಗಳ ಬಗ್ಗೆ ಸಾವಿರಾರು ಹೇಳಿಕೆಗಳು ಒಟ್ಟಾದಾಗ ಬಲವಂತವೇ ಪದ್ಧತಿಯೆಂದು ತೋರುತ್ತದೆ. ವಕೀಲರು ವೃತ್ತಿ ಬಿಟ್ಟದ್ದಕ್ಕಿಂತ ಅದನ್ನು ಕೋರ್ಟಿನಿಂದ ಅಂಗಳಕ್ಕೆ ತಂದರು ಎನ್ನುವುದು, ಬಹುಶಃ, ಹೆಚ್ಚು ಸರಿ.

ಈ ಮಾತನ್ನು ಹಿಗ್ಗಿಸಬಾರದು. ಗಾಂಧಿಯವರನ್ನು ಬೆನ್ನುಹತ್ತಿ ಕರೆತಂದವರು ರಾಜಕುಮಾರ ಶುಕ್ಲ, ವಕೀಲರಲ್ಲ, ರೈತರು. ಝಾಕ್ ಪುಶೆಪಾದಾಸ್ ತೋರಿಸಿರುವಂತೆ ಉಳ್ಳ ರೈತರ ಹಿತಾಸಕ್ತಿಯೂ ಚಳವಳಿಯ ಬಲವಾಗಿತ್ತು. ಗಾಂಧಿಯವರ ಮೇಲೆ ಹೂಡಿದ್ದ ಮೊಕದ್ದಮೆ ಹಿಂತೆಗೆದುಕೊಳ್ಳಲಾದದ್ದು ಏಪ್ರಿಲ್ 18ರಂದು ಅವರು ಮೋತಿಹಾರಿಯ ಕೋರ್ಟಿನಲ್ಲಿ ತೋರಿದ ಧೈರ್ಯದ ಬೆನ್ನಿಗೆ. ಆಮೇಲೆ ಸರ್ಕಾರ ನೇಮಿಸಿದ ತನಿಖಾ ಸಮಿತಿ ತಾವಾನಿನ ಶೇಕಡಾ 25ರ ಮರುಪಾವತಿಗೆ ಒಪ್ಪಿದ್ದು ರಾಜಿಯ ಫಲವೂ ಹೌದು; 1918ರ ಕಾಯ್ದೆ ತೀನ್‌ಕಠಿಯಾ ರದ್ದು ಮಾಡಿತು.

ಯಾವ ರೈತರ ಮಾತು ಪಾಟೀಸವಾಲಿನಲ್ಲಿ ಬಿದ್ದುಹೋಯಿತು, ಅವರು ಬಡವರೇ, ಭೂಹೀನರೇ ಎಂಬ ಪ್ರಶ್ನೆಗೆ ಹೇಳಿಕೆಗಳನ್ನೇ ಹಳ್ಳಿವಾರು ವಿಂಗಡಿಸಿ ಓದಿ ಉತ್ತರ ಹುಡುಕಬೇಕಿದೆ.