‘ಶಿವಮೊಗ್ಗಕ್ಕೆ ಯೆಲ್ಲೋ ಅಲರ್ಟ್’: ಸಕ್ರೆಬೈಲಿಗೆ ಹೋಗಬಹುದೇ?

ಏಪ್ರಿಲ್-ಮೇ ಬಂತೆಂದರೆ ‘ಶಿವಮೊಗ್ಗಕ್ಕೆ ಯೆಲ್ಲೋ ಅಲರ್ಟ್, ಭಾರಿ ಮಳೆ’ ಎಂಬ ಫಾರ್ವರ್ಡ್‌ಗಳನ್ನು ನಾವೆಲ್ಲ ನೋಡುತ್ತೇವೆ. ಮರುದಿನ ಬಿಸಿಲು ಕಂಡರೆ ‘ಹವಾಮಾನ ಇಲಾಖೆ ಹೇಳಿದ್ದು ಸುಳ್ಳು’ ಎನ್ನುತ್ತೇವೆ. ಎರಡೂ ಸರಿಯಲ್ಲ.

ಬಣ್ಣಗಳ ಅರ್ಥವೇನು?
ಹಸಿರು: ಎಚ್ಚರಿಕೆ ಇಲ್ಲ. ಹಳದಿ: ಗಮನಿಸುತ್ತಿರಿ. ಕಿತ್ತಳೆ: ಸಿದ್ಧರಾಗಿರಿ. ಕೆಂಪು: ಕ್ರಮ ಕೈಗೊಳ್ಳಿ. ಹಳದಿ ಎಂದರೆ ಭಾರಿ ಮಳೆಯೇ ಆಗಬೇಕಿಲ್ಲ. ಗುಡುಗು, ಸಿಡಿಲು, ಬಿರುಗಾಳಿಗೂ ಅದೇ ಬಣ್ಣ ಕೊಡುತ್ತಾರೆ. ಇಲಾಖೆಯ ಲೆಕ್ಕದಲ್ಲಿ ‘ಭಾರಿ ಮಳೆ’ ಎಂದರೆ 24 ಗಂಟೆಯಲ್ಲಿ ಕನಿಷ್ಠ 64.5 ಮಿ.ಮೀ.

ಒಂದೂರಲ್ಲಿ ಮಳೆ, ಇನ್ನೊಂದೂರಲ್ಲಿ ಬಿಸಿಲು ಏಕೆ?
ಎಚ್ಚರಿಕೆ ಇಡೀ ಜಿಲ್ಲೆಗೆ. ಮೋಡ ಮಾತ್ರ ಕೆಲವೇ ಕಿ.ಮೀ. ಅಗಲ. ಕಾದ ನೆಲದಿಂದ ತೇವಭರಿತ ಗಾಳಿ ಮೇಲೇರಿ ಅಲ್ಲಲ್ಲಿ ಮೋಡ ಕಟ್ಟುತ್ತದೆ. ಭದ್ರಾವತಿಯಲ್ಲಿ ಸುರಿದರೂ ಗಾಜನೂರಿನಲ್ಲಿ ಹನಿ ಬೀಳದಿರಬಹುದು.

ಹಾಗಾದರೆ ಹೋಗಬಹುದೇ?
ಆ ದಿನದ ಮುನ್ಸೂಚನೆ ನೋಡಿಕೊಂಡು ಹೋಗಬಹುದು. ಸಕ್ರೆಬೈಲಿನಲ್ಲಿ ಆನೆಗಳ ಸ್ನಾನ ಬೆಳಗ್ಗೆ; ಗುಡುಗುಮಳೆ ಹೆಚ್ಚಾಗಿ ಮಧ್ಯಾಹ್ನದ ನಂತರ. ಆದರೆ ಯಾವ ಹೊತ್ತಿನಲ್ಲೇ ಗುಡುಗು ಕೇಳಿದರೂ ತುಂಗಾ ಹಿನ್ನೀರಿನ ದಂಡೆಯಲ್ಲಾಗಲಿ, ಮರದಡಿಯಲ್ಲಾಗಲಿ ನಿಲ್ಲಬೇಡಿ. ಕಟ್ಟಡ ಅಥವಾ ಗಾಜು ಏರಿಸಿದ ಕಾರಿನೊಳಗೆ ಹೋಗಿ, ಕೊನೆಯ ಗುಡುಗಿನ ನಂತರ 30 ನಿಮಿಷ ಅಲ್ಲೇ ಇರಿ.

ಫಾರ್ವರ್ಡ್ ಮಾಡುವ ಮುನ್ನ
ಸಂದೇಶದಲ್ಲಿ ದಿನಾಂಕ, ಸಮಯ, ಜಿಲ್ಲೆಯ ಹೆಸರು ಇದೆಯೇ ನೋಡಿ. ಇಲಾಖೆಯ ತಕ್ಷಣದ ಮುನ್ಸೂಚನೆಯ ಅವಧಿ 3 ಗಂಟೆ ಮಾತ್ರ. ಸಿಡಿಲಿನ ಮಾಹಿತಿಗೆ ‘ದಾಮಿನಿ’ ಆ್ಯಪ್ ಇದೆ. ಹಳೆಯ ಎಚ್ಚರಿಕೆಯನ್ನೇ ಹಂಚುತ್ತಿದ್ದರೆ, ನಿಜವಾಗಿ ಸಿಡಿಲು ಬರುವ ದಿನ ನಮ್ಮ ಮನೆಯವರೇ ನಂಬುವುದಿಲ್ಲ.