ಮೈಸೂರಿನ ಪ್ಲೇಗೂ ರೋಗಾಣುವಿನ ಕೊಳುಕೊಡೆಯೂ

ಚಾಮರಾಜಪುರದ ಅಗಲವಾದ ಬೀದಿಗಳಲ್ಲಿ ನೀವು ಓಡಾಡಿರುತ್ತೀರಿ. ಮನೆಗಳ ಹಿಂದೆ ಹಾದುಹೋಗುವ ಸಣ್ಣ ಓಣಿಗಳನ್ನೂ ಕಂಡಿರುತ್ತೀರಿ. ಮೈಸೂರಿನ ಹಿರಿಯರು ಅದಕ್ಕೆ ‘ಕನ್ಸರ್ವೆನ್ಸಿ’ ಎಂದೇ ಹೇಳುವುದು. ಈ ಅಂದಕ್ಕೆ ಹೊಗಳಿಕೆಯನ್ನೆಲ್ಲ ಅರಮನೆಗೂ ದಿವಾನರಿಗೂ ಒಪ್ಪಿಸುವುದು ನಮ್ಮ ವಾಡಿಕೆ. ಅದರಲ್ಲಿ ಕಣ್ಣಿಗೆ ಕಾಣದ ಒಂದು ಜೀವಾಣುವಿಗೂ ಪಾಲುಂಟು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಮೈಸೂರು ಸೀಮೆಗೆ ಕಾಲಿಟ್ಟಿತು. ಆಗ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರ ರಾಜಪ್ರತಿನಿಧಿತ್ವ. ‘ಇಲಿ ಬಿತ್ತು’ ಎಂಬ ಎರಡು ಮಾತು ಸಾಕು, ಮನೆಮಂದಿಯೆಲ್ಲ ಪಾತ್ರೆಪಡಗ ಕಟ್ಟಿಕೊಂಡು ಊರಾಚೆಯ ಗುಡಿಸಲು ಸೇರುತ್ತಿದ್ದರು. ಆ ಕಾಲದ ಸಂಕಟವನ್ನು ಅಜ್ಜಿಯರ ಬಾಯಿಂದ ಕೇಳಿದವರು ಇನ್ನೂ ಇದ್ದಾರೆ. ಇಕ್ಕಟ್ಟಾದ ಕೇರಿಗಳನ್ನು ಸಡಿಲಿಸಿ ಗಾಳಿ ಬೆಳಕಿನ ಬಡಾವಣೆಗಳನ್ನು ಏರ್ಪಡಿಸುವುದಕ್ಕಾಗಿ 1903ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಸ್ಥಾಪಿತವಾಯಿತು. ಇಡೀ ಭಾರತದಲ್ಲಿ ಈ ರೋಗ ಕೋಟಿಗೂ ಮಿಕ್ಕಿದ ಪ್ರಾಣಗಳನ್ನು ಕೊಂಡೊಯ್ಯಿತು.

ರೋಗದ ಅಣುವನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದವರು ಯೆರ್ಸಿನ್. ಇಲಿಯ ಮೈಮೇಲಿನ ಚಿಗಟವೇ ಅದರ ವಾಹನವೆಂದು 1898ರಲ್ಲಿ ಸಿಮಂಡ್ ತೋರಿಸಿದರು. ಆದರೆ ಈ ಅಣು ಇಷ್ಟು ಘೋರವಾದದ್ದು ಹೇಗೆ? ಉತ್ತರಕ್ಕೆ ನೂರು ವರ್ಷ ಕಾಯಬೇಕಾಯಿತು.

ಪ್ಲೇಗಿನ ಅಣು ಬೇರೊಂದು ಸಾಧಾರಣ ಅಣುವಿನ ಸಂತತಿ. ಆ ಮೂಲದ ಅಣು ಮಣ್ಣಿನಲ್ಲಿ, ನೀರಿನಲ್ಲಿ ಇದ್ದು, ಹೊಟ್ಟೆ ಸೇರಿದರೆ ಒಂದಷ್ಟು ಹೊಟ್ಟೆನೋವು ತರುವುದು, ಅಷ್ಟೆ. ಅದರ ವಂಶದಲ್ಲೊಂದು ಕವಲು ಎರಡು ದಾರಿಗಳಿಂದ ಬದಲಾಯಿತು. ಒಂದು, ಹೊರಗಿನಿಂದ ಪಡೆದದ್ದು. ಜೀವಾಣುಗಳಲ್ಲಿ ಮುಖ್ಯ ವರ್ಣತಂತುವಲ್ಲದೆ ‘ಪ್ಲಾಸ್ಮಿಡ್’ ಎಂಬ ಪುಟ್ಟ ಡಿ.ಎನ್.ಎ. ಬಳೆಗಳೂ ಇರುತ್ತವೆ. ನಮ್ಮಲ್ಲಿ ಗುಣ ಇಳಿಯುವುದು ತಂದೆತಾಯಿಯರಿಂದ ಮಕ್ಕಳಿಗೆ. ಅಣುಗಳಾದರೋ ನೆರೆಮನೆಯವರಿಗೂ ಈ ಬಳೆಯನ್ನು ದಾಟಿಸಬಲ್ಲವು. ಎರಡು ಅಣುಕುಲಗಳು ಹೀಗೆ ಕೂಡಿ ಕೊಳುಕೊಡೆ ನಡೆಸುತ್ತವೆಂಬುದನ್ನು ಮೊದಲು ತೋರಿಸಿದವರು ಲೆಡರ್‌ಬರ್ಗ್ ಮತ್ತು ಟೇಟಮ್, 1946ರಲ್ಲಿ. ಪ್ಲೇಗಿನ ಅಣುವಿಗೆ ಹೀಗೆ ದಕ್ಕಿದ ಬಳೆಯೊಂದರಲ್ಲಿ ಚಿಗಟದ ಕರುಳಿನಲ್ಲಿ ಸಾಯದೆ ಬಾಳುವ ಜೀನು ಇದೆ. ಇನ್ನೊಂದರಲ್ಲಿ ಕಚ್ಚಿದ ಜಾಗದಿಂದ ಮೈಯೊಳಕ್ಕೆ ಹಬ್ಬುವ ಜೀನು.

ಎರಡನೆಯದು, ಇದ್ದದ್ದನ್ನು ಕಳೆದುಕೊಂಡದ್ದು. ಡಿ.ಎನ್.ಎ.ಯನ್ನು ನಕಲು ಮಾಡುವಾಗ ಎಲ್ಲೋ ಒಂದು ಅಕ್ಷರ ತಪ್ಪುತ್ತದೆ, ಅದೇ ಉತ್ಪರಿವರ್ತನೆ. ಇಂಥ ತಪ್ಪುಗಳಿಂದ ಕೆಲವು ಜೀನುಗಳು ಕೆಟ್ಟವು. ಕೆಟ್ಟದ್ದು ಅಣುವಿಗೆ ಒಳ್ಳೆಯದೇ ಆಯಿತು! ಅದು ಚಿಗಟದ ಅನ್ನದ ದಾರಿಯಲ್ಲಿ ಅಂಟಿನ ಗಡ್ಡೆಯಾಗಿ ಕೂರಲು ಶಕ್ತವಾಯಿತು. ದಾರಿ ಕಟ್ಟಿದ ಚಿಗಟ ಎಷ್ಟು ರಕ್ತ ಹೀರಿದರೂ ಹಸಿವು ತೀರದೆ ಮತ್ತೆ ಮತ್ತೆ ಕಚ್ಚುತ್ತದೆ. ಕಚ್ಚಿದಾಗಲೆಲ್ಲ ಅಣುಗಳನ್ನು ಗಾಯಕ್ಕೆ ಕಕ್ಕುತ್ತದೆ. ಕೇರಿ ಕೇರಿಗಳನ್ನು ಬರಿದುಮಾಡಿದ್ದು ಈ ಹಸಿವು.

ಇದೆಲ್ಲ ಊಹೆಯಲ್ಲ. ಸುಮಾರು 5,000 ವರ್ಷಗಳ ಹಿಂದೆ ಸತ್ತವರ ಹಲ್ಲುಗಳಲ್ಲಿ ಉಳಿದಿದ್ದ ಪ್ಲೇಗಿನ ಡಿ.ಎನ್.ಎ.ಯನ್ನು ವಿಜ್ಞಾನಿಗಳು 2015ರಲ್ಲಿ ಓದಿದರು. ಚಿಗಟದ ಕರುಳಿನ ಆ ಜೀನು ಅದರಲ್ಲಿ ಇರಲಿಲ್ಲ. ರಷ್ಯದ ಸಮಾರಾ ಪ್ರಾಂತದ, ಸುಮಾರು 3,800 ವರ್ಷ ಹಳೆಯ ಅಸ್ಥಿಗಳಲ್ಲಿ ಅದು ಸಿಕ್ಕಿತು.

ಪ್ಲೇಗು ಮುಗಿದ ಕಥೆಯಲ್ಲವೇ ಎಂದು ನೀವು ಕೇಳಬಹುದು. ನಮ್ಮ ರಾಜ್ಯದ ಮುಳಬಾಗಿಲಿನ ಕಡೆ ಅದು 1966ರಲ್ಲೂ ಕಂಡಿತ್ತು. 1994ರಲ್ಲಿ ಸೂರತ್ ನಗರ ತಲ್ಲಣಿಸಿತು. ಸ್ಟ್ರೆಪ್ಟೊಮೈಸಿನ್ ಮೊದಲಾದ ಔಷಧಿಗಳಿಂದ ಅದು ಗುಣವಾಗುತ್ತದೆ, ನಿಜ. ಆದರೆ 1995ರಲ್ಲಿ ಮಡಗಾಸ್ಕರ್ ದ್ವೀಪದ ಒಬ್ಬ ಹುಡುಗನಲ್ಲಿ ಸಿಕ್ಕಿದ ಅಣು ಸ್ಟ್ರೆಪ್ಟೊಮೈಸಿನ್, ಟೆಟ್ರಸೈಕ್ಲಿನ್, ಕ್ಲೋರಾಂಫೆನಿಕಾಲ್ ಯಾವುದಕ್ಕೂ ಬಗ್ಗದ್ದಾಗಿತ್ತು. ಹುಡುಗ ಬದುಕಿಕೊಂಡನು. ಪರೀಕ್ಷಿಸಿದಾಗ ಅಣುವಿನಲ್ಲಿ ಹೊಸ ಬಳೆಯೊಂದಿತ್ತು. ಕರುಳುಗಳಲ್ಲಿ ವಾಸಿಸುವ ಇತರ ಅಣುಗಳಲ್ಲಿ ಕಾಣುವ ಬಗೆಯದೇ. ಈ ಕೊಳುಕೊಡೆ ಎಲ್ಲಿ ನಡೆದೀತು? 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಚಿಗಟಗಳಿಗೆ ಪ್ಲೇಗಿನ ಅಣುವನ್ನೂ ಔಷಧಿಗೆ ಬಗ್ಗದ ಕರುಳಿನ ಅಣುವನ್ನೂ ಒಟ್ಟಿಗೆ ಉಣಿಸಿದರು. ನಾಲ್ಕು ವಾರ ಕಳೆಯುವ ವೇಳೆಗೆ ಬಹುಪಾಲು ಚಿಗಟಗಳ ಹೊಟ್ಟೆಯಲ್ಲಿ ಬಳೆ ಕೈ ಬದಲಾಯಿಸಿತ್ತು.