ಜೋ ಎಂಬ ಚೌಕ: ಸ್ಮಾಲ್‌ಟಾಕ್ ಕಲಿಸಿದ ದಿನಗಳು

ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ನಮಗೆ ಹೈಸ್ಕೂಲಿನ ಐಟಿ ಪುಸ್ತಕದಲ್ಲೇ ಪೈಥಾನ್ ಸಿಕ್ಕಿತ್ತು. ನೋಡಿ ಟೈಪ್ ಮಾಡಿದರೆ ಚಿತ್ರ ಬರ್ತಿತ್ತು. ಪುಸ್ತಕ ಮುಚ್ಚಿದರೆ ಕೈ ಓಡ್ತಿರಲಿಲ್ಲ. ದಡ್ಡತನ ನನ್ನದೇ ಅಂದುಕೊಂಡಿದ್ದೆ. ಈ ತೊಡಕಿಗೂ ಒಂದು ಚರಿತ್ರೆ ಇದೆ ಅಂತ ಗೊತ್ತಾದದ್ದು ಈಚೆಗೆ.

ಅಮೆರಿಕದ ಪಾಲೋ ಆಲ್ಟೋದಲ್ಲಿದ್ದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಅಲನ್ ಕೇ ಮತ್ತು ಸಂಗಡಿಗರು 1972ರಲ್ಲಿ ಸ್ಮಾಲ್‌ಟಾಕ್ ಭಾಷೆಯನ್ನು ಕಟ್ಟಿದರು. ಮಕ್ಕಳಿಗೆ ಅದನ್ನು ಕಲಿಸಲು ಅಡೆಲ್ ಗೋಲ್ಡ್‌ಬರ್ಗ್ ಹಿಡಿದ ದಾರಿ ನೋಡಿ: ತೆರೆಯ ಮೇಲೊಂದು ಚೌಕ, ಹೆಸರು ಜೋ. ತಿರುಗು ಅಂದರೆ ತಿರುಗುತ್ತದೆ, ಬೆಳೆ ಅಂದರೆ ದೊಡ್ಡದಾಗುತ್ತದೆ. ಅದೇ ವರ್ಗದಿಂದ ಇನ್ನೊಂದು ಚೌಕ ಹುಟ್ಟಿಸಬಹುದು; ಜೋಗೆ ಹೇಳಿದ ಮಾತು ಅದಕ್ಕೆ ತಾಗದು. ಆಬ್ಜೆಕ್ಟ್ ಎಂಬ ಕಲ್ಪನೆ ವ್ಯಾಖ್ಯಾನವಿಲ್ಲದೆ ಕೈಗೆ ಬಂತು. ಕೆಲವು ಮಕ್ಕಳು ಚಿತ್ರ ಬಿಡಿಸುವ ಪ್ರೋಗ್ರಾಮುಗಳನ್ನೇ ಬರೆದರು.

ಆಮೇಲೆ ಪ್ರೋಗ್ರಾಮಿಂಗ್ ಬಾರದ ಸುಮಾರು 20 ಮಂದಿ ದೊಡ್ಡವರ ಸರದಿ. ಆರಂಭದ ಪಾಠಗಳಲ್ಲಿ ಅವರು ಮಕ್ಕಳಿಗಿಂತ ಚುರುಕು. ಆದರೆ ವಿಳಾಸ ಹುಡುಕುವಂಥ ಪುಟ್ಟ ಪ್ರೋಗ್ರಾಮು ಮಾಡಿ ಅಂದಾಗ ಎಲ್ಲರೂ ನಿಂತುಬಿಟ್ಟರು. ನಮ್ಮ ವಿಭಾಗದವರಿಗೆ ಇದು ಹೊಸದಲ್ಲ, ಸಂಧಿ ಸಮಾಸ ಬಲ್ಲವರೆಲ್ಲ ಪ್ರಬಂಧ ಬರೆಯಲಾರರಷ್ಟೆ. ಕೇ ಕಲಿತವರನ್ನು ದೂರಲಿಲ್ಲ. ತಾವೇ ಆ ಪ್ರೋಗ್ರಾಮು ಬರೆದು, ಸುಲಭಕ್ಕೆ ಹೊಳೆಯದ ವಿಚಾರಗಳು ಅದರಲ್ಲಿ ಎಷ್ಟಿವೆ ಅಂತ ಎಣಿಸಿದರು. 17 ಇದ್ದವು.